ಗಟ್ಟಿ ಹಲ್ಲು

ಸೇವೆಯಂತೆ ಸೇವೆ! ಕಡಲು ದಾಟಿ ಬಂದ ಆ ಹುಡುಗರು ಇನ್ನೂ ದಂತವೈದ್ಯಕೀಯ ಓದುತ್ತಿದ್ದರು. ಓದು ಮುಗಿಯದೆ ತಮ್ಮ ದೇಶದಲ್ಲಿ ಅವರು ಯಾರ ಹಲ್ಲನ್ನೂ ಕೀಳುವಂತಿಲ್ಲ. ನಮ್ಮೂರ ಉಚಿತ ಶಿಬಿರದಲ್ಲಿ ಮಾತ್ರ ಸಿಕ್ಕ ಬಾಯಿಗೆಲ್ಲ ಇಕ್ಕಳ ಹಾಕುತ್ತಿದ್ದರು. ಕಿತ್ತ ಹಲ್ಲಿಗೊಂದು ಕಂಬಳಿ. ಅವರ ಮಾತನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ.

ಮುದುಕಿಯೊಬ್ಬಳು ಬಾಯಿ ತೆರೆದಳು. ಉಳಿದಿದ್ದು ಮೂರೇ ಹಲ್ಲು.

“ಯಾವುದು ನೋಯ್ತೈತಿ, ಆಯಿ?”

“ಯಾವುದೂ ಇಲ್ಲಪಾ. ನೋಯೋದನ್ನ ಹ್ವಾದ ವರ್ಷನ ಕಿತ್ತಾರ.”

ಇಕ್ಕಳ ಹಿಡಿದು ನಿಂತಿದ್ದ ಹುಡುಗನಿಗೆ ಹಾಗೆಯೇ ತಿಳಿಸಿದೆ.

“ಒಳ್ಳೆಯದಾಯಿತು. ಗಟ್ಟಿ ಹಲ್ಲಿನಲ್ಲೇ ಕೈ ಪಳಗುವುದು” ಎಂದು ನಕ್ಕು, ಒಂದನ್ನು ಕಿತ್ತೇಬಿಟ್ಟ.

ರಕ್ತ ಉಗುಳುತ್ತಿದ್ದವಳಿಗೆ, “ಬ್ಯಾಡ ಅನ್ನಾಕ ಏನಾಗಿತ್ತಬೇ?” ಎಂದೆ.

ಅವಳು ಕಂಬಳಿಯನ್ನು ಎದೆಗವುಚಿಕೊಂಡಳು.

“ಮೊಮ್ಮಕ್ಕಳು ಮೂವರದಾರ. ಉಳಿದೆರಡೂ ಇವತ್ತ ಕೀಳ್ತಾನೇನು, ಕೇಳಪಾ.”