ನಲುಗದ ಜಡೆ

ಮದುಮಗಳ ಮೊಗ್ಗಿನ ಜಡೆ ನಲುಗಬಾರದೆಂದು ಸೋದರಮಾವ ಕಾರಿನ ಹಿಂದಿನ ಸೀಟಿನ ಹೆಡ್‌ರೆಸ್ಟನ್ನೇ ಕಿತ್ತು ಪಕ್ಕಕ್ಕಿಟ್ಟ.

"ಮಾಮ, ಅದು ಕತ್ತಿಗೆ ಆಸರೆ ಅಲ್ವಾ?"

"ಛತ್ರ ಇಲ್ಲೇ ಇದೆ. ಸುಮ್ನೆ ಕೂತ್ಕೋ."

ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ವ್ಯಾನೊಂದು ಗುದ್ದಿತು. ಅವಳ ತಲೆ ಹಿಂದಕ್ಕೆ ವಾಲಿ ರಪ್ಪನೆ ಮುಂದಕ್ಕೆ ಬಂತು.

"ಪೆಟ್ಟಾಯ್ತಾ ಪುಟ್ಟಿ?"

"ಏನಿಲ್ಲ, ನಡಿ ಮಾಮ. ಮುಹೂರ್ತ ಮೀರತ್ತೆ."

ತಾಳಿ ಕಟ್ಟುವಾಗ ಪುರೋಹಿತರು ಮತ್ತೆ ಮತ್ತೆ ಹೇಳಿದರೂ ಅವಳು ತಲೆ ಬಗ್ಗಿಸಲಿಲ್ಲ.

"ಹುಡುಗಿಗೆ ಜಂಬ ಜಾಸ್ತಿ," ಎಂದರು ಗಂಡಿನ ಕಡೆಯವರು. ಸೋದರಮಾವ ಅವಳ ಕತ್ತನ್ನೇ ನೋಡಿದ.

ಗಂಡಿನ ತಾಯಿ ಹಿಂದೆ ಬಂದು ಜಡೆ ಮುಟ್ಟಿ ನೋಡಿದರು. "ಒಂದು ಮೊಗ್ಗೂ ನಲುಗಿಲ್ವಲ್ಲ. ಇಷ್ಟು ಜೋಪಾನವಾಗಿ ಯಾರಮ್ಮ ಕರ್ಕೊಂಡು ಬಂದಿದ್ದು?"

"ನಮ್ಮ ಮಾಮ," ಎಂದಳು ಅವಳು, ಕತ್ತು ತಿರುಗಿಸಲಾಗದೆ.