ಕಂಬಳಿಯ ಜೋಳಿಗೆ

ಟುರ್ರ್, ಟುರ್ರ್ ಎಂದು ಕುರಿ ಅಟ್ಟುವ ಸದ್ದು. ಮೊಮ್ಮಗಳು ಬೇಬಿ ಕ್ಯಾರಿಯರ್ ಬಿಗಿದುಕೊಂಡಾಗಲೆಲ್ಲ ನನಗೆ ಅದೇ ಕೇಳಿಸುತ್ತದೆ.

ನಾನು ಚಿಕ್ಕವಳಿದ್ದಾಗ ಒಮ್ಮೆ ಗುಮ್ಮಘಟ್ಟದ ದಾರಿಯಲ್ಲಿ ಬಸ್ ಕೆಟ್ಟು, ಅಮ್ಮ, ತಮ್ಮ, ನಾನು ರಾಯದುರ್ಗಕ್ಕೆ ನಡೆದೇ ಹೊರಟಿದ್ದೆವು. ಎರಡು ವರ್ಷದ ಅವನನ್ನು ಹೊತ್ತು ಸೋತ ಅಮ್ಮ, ಇನ್ನು ಆಗದೆಂದು ಬೇವಿನ ನೆರಳಲ್ಲಿ ಕುಳಿತುಬಿಟ್ಟಳು.

ಹಿಂದೆ ಬಂದ ಕುರಿಗಾಹಿಯ ಬೆನ್ನಿನ ಕಂಬಳಿ ಜೋಳಿಗೆಯಲ್ಲಿ ಅಂದೇ ಹುಟ್ಟಿದ ಮರಿಯಿತ್ತು. “ಹುಡುಗನ್ನ ಇಲ್ಲಿ ಕೊಡ್ರಿ ಅಕ್ಕಾರ, ಇದಕ್ಕೂ ಒಬ್ಬ ಜೊತಿ ಆಗ್ತಾನ” ಎಂದ.

“ಅಮ್ಮಾ, ಇಟ್ಸ್ ಡರ್ಟಿ” ಎಂದೆ ನಾನು.

“ಏನಂತಾಳ್ರಿ ಸಣ್ಣವ್ವ?”

“ಮರಿ ಭಾಳ ಚೆಂದೈತಿ ಅಂತಾಳಪ್ಪ” ಎಂದಳು ಅಮ್ಮ.

ತಮ್ಮ ಜೋಳಿಗೆಯೊಳಗೆ ಮರಿಯ ಕಿವಿ ಹಿಡಿದು ದಾರಿಯುದ್ದಕ್ಕೂ ನಿದ್ದೆ ಮಾಡಿದ. ಊರ ಹತ್ತಿರ ಅವನನ್ನು ಅಮ್ಮನ ತೋಳಿಗಿಳಿಸಿ ಕುರಿಗಾಹಿ ಗುಡ್ಡದತ್ತ ತಿರುಗಿದ. ಕಾನ್ವೆಂಟಿನಲ್ಲಿ ದಿನವೂ ಒಪ್ಪಿಸುತ್ತಿದ್ದ ಥ್ಯಾಂಕ್ ಯೂ ನನ್ನ ಬಾಯಿಗೆ ಬರುವಷ್ಟರಲ್ಲಿ ಅವನು ಕುರಿಗಳ ಧೂಳಿನೊಳಗೆ ಹೋಗಿದ್ದ. ಅವನನ್ನು ಕಂಡದ್ದು ಅದೇ ಕೊನೆ.