ಇವತ್ತಿನ ಕೆಮ್ಮು

ಹತ್ತಿ ಮಿಲ್ಲಿನಲ್ಲಿ ಧೂಳೆಳೆಯುವ ಯಂತ್ರ ಕೂರಿಸಬೇಕೋ ಬೇಡವೋ ಎಂಬುದು ಶಾಂಭವಿಯ ಸಮೀಕ್ಷೆಯ ಮೇಲೆ ನಿಂತಿತ್ತು. ಕೆಲಸದಲ್ಲಿರುವವರನ್ನು ಅವಳು ಕೇಳಬೇಕಾದ್ದು ಒಂದೇ ಮಾತು: ಇವತ್ತು ಕೆಮ್ಮು ಇದೆಯೇ?

ದಿನವಿಡೀ ತಿರುಗಿ ಅವಳ ಕಾಲು ಸೋತಿತ್ತು. ಕೆಲಸದಲ್ಲಿದ್ದ ಒಬ್ಬರಿಗೂ ಕೆಮ್ಮಿರಲಿಲ್ಲ.

“ನೋಡ್ರಿ ಮೇಡಂ,” ಮಾಲೀಕರು ನಕ್ಕರು. “ಧೂಳಿನಾಗ ದುಡ್ಯಾವ್ರು ಗಟ್ಟಿ ಅದಾರ. ಮನ್ಯಾಗ ಕುಂತಾವ್ರಿಗೇ ಕೆಮ್ಮು!”

ಮಾತು ನಿಜವೇ ಆಗಿತ್ತು. ಮಿಲ್ಲಿನ ಹಿಂದಿನ ಓಣಿಯಲ್ಲಿ ಮನೆಮನೆಯಿಂದಲೂ ಕೆಮ್ಮು ಕೇಳುತ್ತಿತ್ತು. ಕಟ್ಟೆಯ ಮೇಲೆ ಏದುಸಿರು ಬಿಡುತ್ತ ಕುಳಿತಿದ್ದ ಫಕ್ಕೀರವ್ವ ಶಾಂಭವಿಯ ದಣಿದ ಮುಖ ನೋಡಿ ಒಂದು ತಂಬಿಗೆ ನೀರು ಕೊಟ್ಟಳು.

“ಮಿಲ್ಲಿಗೆ ಹೋಗ್ದೇ ಇರೋ ನಿಮಗ್ಯಾಕ್ರಿ ಅವ್ವಾ ಇಷ್ಟು ಕೆಮ್ಮು?” ಶಾಂಭವಿ ಹಿಂಜರಿಯುತ್ತಲೇ ಕೇಳಿದಳು.

“ನಾವೂ ಅಲ್ಲೇ ದುಡೀತಿದ್ವಿ ತಂಗಿ. ಕೆಮ್ಮಿದ ದಿನಾನ ಕೆಲಸ ಬಿಡಿಸಿ ಮನೀಗೆ ಕಳಸ್ತಾರ.”